ಸಾವಿನ ಮನೆಯ ಸಾಸಿವೆ

ಬೇಸಿಗೆ ರಜೆಯಲ್ಲಿ ಗುಡ್ಡದಿಂದ ಗೇರುಬೀಜ ಹೆಕ್ಕಿ ತಂದು, ತರಗೆಲೆಯ ಬೆಂಕಿಗೆ ಹಾಕಿ, ಸರಿಯಾಗಿ ಸುಡುವ ಮೊದಲೇ ಹಲ್ಲಿನಲ್ಲಿ ಒಡೆದ ಮಕ್ಕಳ ಗತಿ ಏನಾಗುತ್ತದೆಂದು ಕರಾವಳಿಯ ಮನೆಮನೆಗೂ ಗೊತ್ತು. ತುಟಿಯಂಚು ಉರಿಯುತ್ತದೆ, ಬೊಬ್ಬೆ ಏಳುತ್ತದೆ, ಅದು ಒಡೆದ ಮೇಲೆ ಕಪ್ಪು ಕಲೆಯೊಂದು ಉಳಿಯುತ್ತದೆ. ಮಂಗಳೂರು ಕಡೆಯ ಗೇರುಬೀಜದ ಕಾರ್ಖಾನೆಗಳಲ್ಲಿ ಸಿಪ್ಪೆ ಒಡೆಯುವ ಹೆಂಗಸರು ಕೈಗೆ ಬೂದಿಯನ್ನೋ ಎಣ್ಣೆಯನ್ನೋ ಬಳಿದುಕೊಳ್ಳುವುದು ಇದೇ ಸೊನೆಗೆ ಹೆದರಿ. ಮಲೆನಾಡಿನವರು ಹೊಳೆಗೇರು ಮರಕ್ಕೆ ಕತ್ತಿ ಹಾಕುವ ಮೊದಲು ಎರಡು ಸಲ ಯೋಚಿಸುತ್ತಾರೆ. ಸಸ್ಯಶಾಸ್ತ್ರ ಆ ಮರದ ಕುಲಕ್ಕೆ ಕೊಟ್ಟಿರುವ ‘ಹೋಲಿಗಾರ್ನಾ’ ಎಂಬ ಹೆಸರಿನಲ್ಲೂ ಕನ್ನಡವೇ ಕೇಳಿಸುತ್ತದೆ. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕರಿಗೇರಿನ ಕಾಯಿಯನ್ನು ಆಯುರ್ವೇದ ಭಲ್ಲಾತಕವೆಂದು ಕರೆದು ಮದ್ದಿನ ಸಾಲಿಗೆ ಸೇರಿಸಿತು. ಆದರೆ ಶುದ್ಧಿ ಮಾಡದೆ ಕೊಡಕೂಡದೆಂದು ಕಟ್ಟಪ್ಪಣೆ ಮಾಡಿತು.

ಬೊಬ್ಬೆ ಎಬ್ಬಿಸುವ ವಸ್ತುವನ್ನೇ ಮದ್ದು ಮಾಡಿಕೊಳ್ಳುವ ಚಾಳಿ ಎಲ್ಲ ಕಡೆಯೂ ಇತ್ತು. ಯುರೋಪಿನ ವೈದ್ಯರು ‘ಸ್ಪ್ಯಾನಿಷ್ ಫ್ಲೈ’ ಎಂಬ ಹಸಿರು ಹೊಳಪಿನ ಕೀಟವನ್ನು (ಹೆಸರಿಗೆ ನೊಣ, ನಿಜಕ್ಕೂ ಜೀರುಂಡೆ) ಒಣಗಿಸಿ ಪುಡಿ ಮಾಡಿ ರೋಗಿಯ ಮೈಗೆ ಪಟ್ಟು ಹಾಕುತ್ತಿದ್ದರು. ಬೊಬ್ಬೆ ಎದ್ದು ನೀರು ಸೋರಿದರೆ ಒಳಗಿನ ಕೆಡುಕು ಹೊರಬಂತೆಂದು ಸಮಾಧಾನ. 1810ರಲ್ಲಿ ಫ್ರಾನ್ಸಿನ ಪಿಯೆರ್ ರೋಬಿಕೆ ಆ ಕೀಟದ ವಿಷವಾದ ಕ್ಯಾಂಥರಿಡಿನ್ ಅನ್ನು ಬೇರ್ಪಡಿಸಿದ. ನಮ್ಮ ತೊಗರಿ, ಬೆಂಡೆಯ ಹೂವಿಗೆ ಮುತ್ತುವ ಕಪ್ಪು-ಕಿತ್ತಳೆ ಪಟ್ಟೆಯ ಹುಳುವೂ ಅದೇ ಕುಟುಂಬದ್ದು. ಒಮ್ಮೆ ಬರಿಗೈಯಲ್ಲಿ ಹಿಡಿದ ರೈತನಿಗೆ ಅದರ ಪರಿಚಯ ಬೇರೆ ಹೇಳಬೇಕಿಲ್ಲ. ಇದೇ ಕ್ಯಾಂಥರಿಡಿನ್ 2023ರಲ್ಲಿ ಅಮೆರಿಕದಲ್ಲಿ, ಮಕ್ಕಳ ಚರ್ಮಕ್ಕೆ ಅಂಟುವ ಮೊಲಸ್ಕಮ್ ಎಂಬ ಸೋಂಕಿನ ಗುಳ್ಳೆಗಳಿಗೆ ಅಧಿಕೃತ ಔಷಧವಾಯಿತು.

ಗಿಡ, ಹುಳುಗಳು ಎಬ್ಬಿಸುವ ಬೊಬ್ಬೆ ಬಹುಮಟ್ಟಿಗೆ ಚರ್ಮದಲ್ಲೇ ಮುಗಿಯುತ್ತದೆ. ಇಪ್ಪತ್ತನೆಯ ಶತಮಾನ ಪ್ರಯೋಗಾಲಯದಿಂದ ರಣರಂಗಕ್ಕೆ ಹೊತ್ತೊಯ್ದದ್ದು ಬೇರೆಯೇ ಜಾತಿಯದು. ಅದರ ಸುತ್ತ ಒಂದು ಹಿತವಾದ ಕಥೆಯೂ ಬೆಳೆದಿದೆ. ಸಾಸಿವೆ ಅನಿಲವೆಂಬ ಯುದ್ಧದ ವಿಷದಿಂದಲೇ ಕ್ಯಾನ್ಸರಿಗೆ ಮೊದಲ ಔಷಧ ಸಿಕ್ಕಿತಂತೆ, ಕೆಟ್ಟದ್ದರಿಂದಲೂ ಒಳ್ಳೆಯದಾಯಿತಂತೆ. ಶಾಲೆಯ ಭಾಷಣಕ್ಕೆ, ಬೆಳಗಿನ ವಾಟ್ಸಾಪ್ ಸಂದೇಶಕ್ಕೆ ಹೇಳಿ ಮಾಡಿಸಿದ ಕಥೆ. ಅದರ ಮೊದಲರ್ಧ ನಿಜ. ಇನ್ನರ್ಧ, ಯುದ್ಧದ ಕೊರಳಿಗೆ ಹಾಕಬಾರದ ಹಾರ. ಔಷಧ ಸಿಕ್ಕಿದ್ದು ಸಾಯುತ್ತಿದ್ದವರ ರಕ್ತದ ಲೆಕ್ಕ ಬರೆದಿಟ್ಟ ನಾಲ್ಕಾರು ವೈದ್ಯರಿಂದ. ಆ ಲೆಕ್ಕವನ್ನು ಬೀಗ ಹಾಕಿ ಇಟ್ಟವರು ಯುದ್ಧ ನಡೆಸಿದ ಸರ್ಕಾರಗಳು.

ಹೆಸರಿನಿಂದಲೇ ಶುರು ಮಾಡೋಣ. ಸಾಸಿವೆ ಅನಿಲದಲ್ಲಿ ಸಾಸಿವೆಯೂ ಇಲ್ಲ, ಅದು ಅನಿಲವೂ ಅಲ್ಲ. ಗಂಧಕ ಮತ್ತು ಕ್ಲೋರಿನ್ ಸೇರಿದ, ಎಣ್ಣೆಯಂತೆ ಜಿಡ್ಡಾದ ದ್ರವ. ಕಲ್ಮಶ ಬೆರೆತಿದ್ದರೆ ಹಳದಿಯಿಂದ ಕಂದು ಬಣ್ಣ, ಬೆಳ್ಳುಳ್ಳಿಯ ಅಥವಾ ಅರೆದ ಸಾಸಿವೆಯ ವಾಸನೆ. ಕಿಸಾಗೌತಮಿಗೆ ಬುದ್ಧ ತರಹೇಳಿದ್ದು ಸಾವಿಲ್ಲದ ಮನೆಯ ಸಾಸಿವೆಯನ್ನು. ಯುರೋಪು ಬೇಯಿಸಿದ ಈ ಸಾಸಿವೆ ಸಾವಿನ ಮನೆಯದೇ. 1860ರಲ್ಲಿ ಬ್ರಿಟನ್ನಿನ ಫ್ರೆಡರಿಕ್ ಗತ್ರಿ ಇದನ್ನು ತಯಾರಿಸಿ, ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆಂದು ಬರೆದಿಟ್ಟಿದ್ದ. 1886ರಲ್ಲಿ ಜರ್ಮನಿಯ ವಿಕ್ಟರ್ ಮೆಯರ್ ಇನ್ನೂ ಶುದ್ಧವಾಗಿ ತಯಾರಿಸಿದ. ಆಮೇಲೆ ಮೂವತ್ತು ವರ್ಷ ಅದು ರಸಾಯನಶಾಸ್ತ್ರದ ಪುಸ್ತಕಗಳಲ್ಲಿ ತೆಪ್ಪಗೆ ಕೂತಿತ್ತು.

1916ರಲ್ಲಿ ಜರ್ಮನಿಯ ಲೊಮ್ಮೆಲ್ ಮತ್ತು ಸ್ಟೈನ್‌ಕೊಪ್ಫ್ ಅದನ್ನು ಯುದ್ಧಕ್ಕೆ ಹೊಂದಿಸಿದರು. ಇಬ್ಬರ ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿ ಜರ್ಮನ್ ಸೇನೆ ಅದಕ್ಕೆ ‘ಲಾಸ್ಟ್’ ಎಂದು ನಾಮಕರಣ ಮಾಡಿತು. 1917ರ ಜುಲೈ 12ರ ರಾತ್ರಿ ಬೆಲ್ಜಿಯಂನ ಈಪ್ರ್ ಪಟ್ಟಣದ ಬಳಿ ಬ್ರಿಟಿಷ್ ಪಡೆಗಳ ಮೇಲೆ ಹಳದಿ ಶಿಲುಬೆಯ ಗುರುತಿದ್ದ ಫಿರಂಗಿ ಗುಂಡುಗಳು ಬಿದ್ದವು. ದೊಡ್ಡ ಸದ್ದಿಲ್ಲ, ಕಣ್ಣಿಗೆ ಕಾಣುವ ಹೊಗೆಯೂ ಇಲ್ಲ. ಒಂದಿಷ್ಟು ಘಾಟು ವಾಸನೆ, ಒಂದಿಷ್ಟು ಸೀನು. ಎರಡು ವರ್ಷದ ಹಿಂದೆ ಇದೇ ಈಪ್ರ್‌ನಲ್ಲಿ ಕ್ಲೋರಿನ್ ಬಂದಾಗ ಉಸಿರು ಕಟ್ಟಿ ಸತ್ತವರ ಕಥೆ ಕೇಳಿದ್ದ ಸಿಪಾಯಿಗಳು, ಇದು ಏನೂ ಅಲ್ಲವೆಂದು ಮಲಗಿಬಿಟ್ಟರು. ನಡುರಾತ್ರಿ ಕಣ್ಣಿಗೆ ಮರಳು ಬಿದ್ದಂತಾಗಿ ಎಚ್ಚರವಾಯಿತು. ಬೆಳಗಾಗುವಾಗ ರೆಪ್ಪೆ ಊದಿ ಮುಚ್ಚಿತ್ತು. ಕಂಕುಳು, ತೊಡೆಸಂದು, ಬೆವರು ನಿಲ್ಲುವ ಕಡೆಗಳಲ್ಲೆಲ್ಲ ಅಂಗೈಯಗಲದ ಬೊಬ್ಬೆಗಳು. ಫ್ರೆಂಚರು ಆ ಊರಿನ ಹೆಸರಿನಿಂದಲೇ ಅದನ್ನು ‘ಈಪರೈಟ್’ ಎಂದು ಕರೆದರು.

ಕನ್ನಡದಲ್ಲಿ ಬೊಬ್ಬೆಗೆ ಎರಡು ಅರ್ಥ: ಮೈ ಮೇಲೆ ಏಳುವುದೂ ಬೊಬ್ಬೆ, ಬಾಯಿಂದ ಹೊರಡುವುದೂ ಬೊಬ್ಬೆ. ಈ ವಿಷದ ಕ್ರೌರ್ಯ ಇರುವುದು ಎರಡನ್ನೂ ತಡಮಾಡುವುದರಲ್ಲಿ. ದ್ರವ ಚರ್ಮಕ್ಕೆ ತಾಗಿದ ಕೆಲವೇ ನಿಮಿಷಗಳಲ್ಲಿ ಜೀವಕೋಶಗಳ ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ನೋವು ಮಾತ್ರ ನಾಲ್ಕಾರು ಗಂಟೆ, ಕೆಲವೊಮ್ಮೆ ಇಡೀ ದಿನ ಕಳೆದ ಮೇಲೆ ಬರುತ್ತದೆ. ಅಷ್ಟರಲ್ಲಿ ತೊಳೆಯುವ ಹೊತ್ತು ಮೀರಿರುತ್ತದೆ. ಡಿಎನ್‌ಎಯ ಎರಡು ಎಳೆಗಳನ್ನು ಅದು ಅಡ್ಡ ಹೊಲಿಗೆ ಹಾಕಿದಂತೆ ಬಿಗಿದುಬಿಡುತ್ತದೆ. ಬಿಚ್ಚಿಕೊಳ್ಳದ ಎಳೆಯನ್ನು ನಕಲು ಮಾಡಲಾಗದೆ, ವಿಭಜನೆಗೆ ಹೊರಟ ಕೋಶ ಸಾಯುತ್ತದೆ. ಹಾಗಾಗಿ ದೇಹದಲ್ಲಿ ಬೇಗ ಬೇಗ ಹುಟ್ಟುವ ಕೋಶಗಳಿಗೇ ಹೊಡೆತ ಹೆಚ್ಚು: ಚರ್ಮದ ಬುಡ, ಕರುಳಿನ ಒಳಪದರ, ರಕ್ತ ಹುಟ್ಟುವ ಮೂಳೆಮಜ್ಜೆ. ಸೇನಾಧಿಕಾರಿಗಳಿಗೆ ಇದು ಮೆಚ್ಚುಗೆಯಾದದ್ದು ಕೊಲ್ಲುವ ಶಕ್ತಿಗಾಗಿ ಅಲ್ಲ. ಮೊದಲ ಮಹಾಯುದ್ಧದಲ್ಲಿ ಇದು ತಾಗಿದ ನೂರು ಜನರಲ್ಲಿ ಸತ್ತವರು ಎರಡು ಮೂರು ಮಂದಿ. ಉಳಿದವರು ತಿಂಗಳುಗಟ್ಟಲೆ ಮಂಚ, ದಾದಿ, ಗಾಡಿ ಬೇಡುತ್ತ ಎದುರಾಳಿಗೆ ಹೊರೆಯಾದರು. ಸತ್ತ ಸಿಪಾಯಿಗಿಂತ ಕುರುಡಾದ ಸಿಪಾಯಿ ಶತ್ರುವಿಗೆ ದುಬಾರಿ ಎಂಬ ಲೆಕ್ಕ ಅದು.

ಜಾನ್ ಸಿಂಗರ್ ಸಾರ್ಜೆಂಟ್ 1918ರ ಆಗಸ್ಟಿನಲ್ಲಿ ಫ್ರಾನ್ಸಿನ ರಣರಂಗದ ಹಿಂದೆ ಕಂಡದ್ದು ಆ ಲೆಕ್ಕದ ಫಲವನ್ನೇ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಸಿಪಾಯಿಗಳು ಒಬ್ಬರ ಹೆಗಲ ಮೇಲೊಬ್ಬರು ಕೈಯಿಟ್ಟು ಸಾಲಾಗಿ ಸಾಗುವ ಅವನ ಆರು ಮೀಟರ್ ಉದ್ದದ ಚಿತ್ರ ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂನಲ್ಲಿದೆ.

ಚಿತ್ರದಲ್ಲಿ ಕಾಣದ ಇನ್ನೊಂದು ಸಂಗತಿಯನ್ನು ಅಮೆರಿಕದ ದಂಪತಿ ಎಡ್ವರ್ಡ್ ಮತ್ತು ಹೆಲೆನ್ ಕ್ರಂಭಾರ್ ಗಮನಿಸಿದರು. ಫ್ರಾನ್ಸಿನ ಸೇನಾ ಆಸ್ಪತ್ರೆಯಲ್ಲಿ ಈ ವಿಷದಿಂದ ಸಾಯುತ್ತಿದ್ದವರ ರಕ್ತದಲ್ಲಿ ಬಿಳಿಕಣಗಳು ನೆಲಕಚ್ಚಿದ್ದವು, ಶವಪರೀಕ್ಷೆಯಲ್ಲಿ ಮೂಳೆಮಜ್ಜೆ ಬರಿದಾಗಿತ್ತು. 1919ರಲ್ಲಿ ಅವರು ಇದನ್ನು ಪ್ರಕಟಿಸಿದರು. ಬಿಳಿಕಣಗಳನ್ನು ಅಳಿಸುವ ವಸ್ತುವೊಂದು ಕೈಯಲ್ಲಿದೆ, ಬಿಳಿಕಣಗಳು ಎಲ್ಲೆ ಮೀರಿ ಬೆಳೆಯುವ ಕಾಯಿಲೆಗಳೂ ಕಣ್ಣೆದುರಿಗಿವೆ. ಎರಡನ್ನೂ ಕೂಡಿಸಿ ನೋಡಲು ಇಪ್ಪತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು.

ಕೂಡಿಸಿದವರು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಇಬ್ಬರು ಔಷಧಶಾಸ್ತ್ರಜ್ಞರು, ಲೂಯಿ ಗುಡ್‌ಮನ್ ಮತ್ತು ಆಲ್ಫ್ರೆಡ್ ಗಿಲ್ಮನ್. ನಮ್ಮ ವೈದ್ಯಕೀಯ ಕಾಲೇಜುಗಳ ಗ್ರಂಥಾಲಯಗಳಲ್ಲಿ ಇಟ್ಟಿಗೆಯಂತೆ ಕೂತಿರುವ ‘ಗುಡ್‌ಮನ್ ಅಂಡ್ ಗಿಲ್ಮನ್’ ಪುಸ್ತಕದ ಅದೇ ಜೋಡಿ. ಗಿಲ್ಮನ್ ತನ್ನ ಮಗನಿಗೆ ಆಲ್ಫ್ರೆಡ್ ಗುಡ್‌ಮನ್ ಗಿಲ್ಮನ್ ಎಂದು ಗೆಳೆಯನ ಹೆಸರನ್ನೂ ಸೇರಿಸಿ ಇಟ್ಟ, ಆ ಮಗ 1994ರಲ್ಲಿ ನೊಬೆಲ್ ಪಡೆದ. ಈ ಇಬ್ಬರಿಗೆ ಸರ್ಕಾರ ವಹಿಸಿದ್ದು ಯುದ್ಧದ ಕೆಲಸ, ವಿಷಕ್ಕೆ ಮದ್ದು ಹುಡುಕುವುದು. ಅವರು ಕೈಗೆತ್ತಿಕೊಂಡದ್ದು ಗಂಧಕದ ಜಾಗದಲ್ಲಿ ಸಾರಜನಕವಿರುವ ಸೋದರ ವಸ್ತುವನ್ನು, ಅಂದರೆ ನೈಟ್ರೋಜನ್ ಮಸ್ಟರ್ಡ್ ಅನ್ನು. ಮೊದಲು ಗಡ್ಡೆಯಿದ್ದ ಇಲಿಗೆ ಕೊಟ್ಟರು, ಗಡ್ಡೆ ಕರಗಿತು.

1942ರ ಆಗಸ್ಟ್ 27ರ ಬೆಳಿಗ್ಗೆ ಅದನ್ನು ಮೊದಲ ಬಾರಿಗೆ ಮನುಷ್ಯನ ರಕ್ತನಾಳಕ್ಕೆ ಹಾಕಿದರು. ದಾಖಲೆಯಲ್ಲಿ ರೋಗಿಯ ಹೆಸರು ‘ಜೆ.ಡಿ.’ ಎಂದಷ್ಟೇ. ದವಡೆ, ಕತ್ತು, ಎದೆಯ ಗಡ್ಡೆಗಳು ಊದಿ ಅವನಿಗೆ ತಲೆ ತಿರುಗಿಸಲು, ಅನ್ನ ನುಂಗಲು ಆಗುತ್ತಿರಲಿಲ್ಲ. ಎಕ್ಸ್‌ರೇ ಚಿಕಿತ್ಸೆ ಕೈಕೊಟ್ಟಿತ್ತು. ಕೆಲವೇ ದಿನಗಳಲ್ಲಿ ಗಡ್ಡೆ ಮೆತ್ತಗಾಯಿತು, ಕತ್ತು ತಿರುಗಿತು, ಊಟ ಸೇರಿತು. ಬಿಳಿಕಣಗಳೂ ಕುಸಿದವು. ಕಾಯಿಲೆ ಮರಳಿತು, ಮದ್ದನ್ನು ಮತ್ತೆ ಕೊಟ್ಟರು, ಈ ಸಲ ಗುಣ ಕಡಿಮೆ. ಡಿಸೆಂಬರ್ 1ರಂದು ಅವನು ತೀರಿಕೊಂಡ. ಕಡತದಲ್ಲಿ ಔಷಧದ ಹೆಸರನ್ನೂ ಬರೆಯುವಂತಿರಲಿಲ್ಲ. ಯುದ್ಧದ ಗುಟ್ಟಾದ್ದರಿಂದ ಅದು ಬರೀ ‘ಎಕ್ಸ್’. ಫಲಿತಾಂಶ ವೈದ್ಯಲೋಕದ ಕಿವಿಗೆ ಬಿದ್ದದ್ದು 1946ರಲ್ಲಿ. ನಡುವಿನ ನಾಲ್ಕು ವರ್ಷ ಇಂಥದ್ದೇ ಕಾಯಿಲೆಯಲ್ಲಿ ಸತ್ತವರಿಗೆ, ಅವರ ವೈದ್ಯರಿಗೆ, ಹೀಗೊಂದು ದಾರಿಯಿದೆ ಎಂಬ ಸುಳಿವೂ ಇರಲಿಲ್ಲ.

ಹಾಗಾಗಿ ಕಿಮೊಥೆರಪಿ ಇಟಲಿಯ ಬಾರಿ ಬಂದರಿನ ದುರಂತದಲ್ಲಿ ಹುಟ್ಟಿತೆಂದು ಅನೇಕರು ಹೇಳುವುದು ಲೆಕ್ಕಕ್ಕೆ ಸರಿಹೊಂದುವುದಿಲ್ಲ. ಬಾರಿ ನಡೆದದ್ದು ಜೆ.ಡಿ. ಸತ್ತ ಒಂದು ವರ್ಷದ ಮೇಲೆ. ಆದರೂ ಆ ರಾತ್ರಿಯ ಕಥೆ ಹೇಳಲೇಬೇಕು. ಬರೆದಿಡುವುದಕ್ಕೂ ಮುಚ್ಚಿಡುವುದಕ್ಕೂ ಅಷ್ಟು ನೇರವಾದ ಜಟಾಪಟಿ ಬೇರೆಲ್ಲೂ ಕಾಣಸಿಗುವುದಿಲ್ಲ.

1943ರ ಡಿಸೆಂಬರ್ 2. ಇಟಲಿಯ ಬಾರಿ ಬಂದರಿನಲ್ಲಿ ಮಿತ್ರಪಕ್ಷದ ಹಡಗುಗಳು ಒತ್ತೊತ್ತಾಗಿ ನಿಂತಿದ್ದವು, ಸರಕು ಇಳಿಸಲು ದೀಪ ಹಚ್ಚಿದ್ದರು. ನೂರಕ್ಕೂ ಹೆಚ್ಚು ಜರ್ಮನ್ ವಿಮಾನಗಳು ಬಂದು ಹದಿನೇಳು ಹಡಗುಗಳನ್ನು ಮುಳುಗಿಸಿದವು. ಅವುಗಳಲ್ಲೊಂದು ಅಮೆರಿಕದ ‘ಜಾನ್ ಹಾರ್ವೆ’. ಅದರ ಹೊಟ್ಟೆಯಲ್ಲಿ ಸುಮಾರು ಎರಡು ಸಾವಿರ ಸಾಸಿವೆ ಅನಿಲದ ಬಾಂಬುಗಳಿದ್ದವು. ಜರ್ಮನಿ ಮೊದಲು ಪ್ರಯೋಗಿಸಿದರೆ ತಿರುಗೇಟು ಕೊಡಲೆಂದು ತಂದಿದ್ದು. ಸಂಗತಿ ಗೊತ್ತಿದ್ದ ಹಡಗಿನವರು ಹಡಗಿನೊಂದಿಗೇ ಹೋದರು.

ಎಣ್ಣೆ ತೇಲುತ್ತಿದ್ದ ನೀರಿನಿಂದ ಎತ್ತಿದ ನಾವಿಕರನ್ನು ಆಸ್ಪತ್ರೆಗೆ ತಂದು ಕೂರಿಸಿದರು. ಡಿಸೆಂಬರಿನ ಚಳಿ, ಬಾಂಬಿನ ಆಘಾತ. ದಾದಿಯರು ಕಂಬಳಿ ಹೊದಿಸಿ ಬಿಸಿ ಚಹಾ ಕೊಟ್ಟರು. ಕೈಕಾಲು ಮುರಿದವರ ಗದ್ದಲದಲ್ಲಿ, ಗಾಯವಿಲ್ಲದ ಇವರ ಒದ್ದೆ ಬಟ್ಟೆ ಕಳಚಿ ಮೈ ತೊಳೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ, ಏಕೆಂದರೆ ಆ ಎಣ್ಣೆಯಲ್ಲಿ ಏನಿದೆ ಎಂದು ಯಾರೂ ಹೇಳಿರಲಿಲ್ಲ. ಇಡೀ ರಾತ್ರಿ ವಿಷ ಕಂಬಳಿಯ ಬಿಸಿಯಲ್ಲಿ ಮೈಗಿಳಿಯಿತು. ಬೆಳಗಾಗುವಾಗ ನಾವಿಕರು ಕಣ್ಣು ಕಾಣುತ್ತಿಲ್ಲವೆಂದು ಕೂಗತೊಡಗಿದರು. ರಕ್ತದೊತ್ತಡ ಪಾತಾಳಕ್ಕಿಳಿದಿದ್ದರೂ ಕೆಲವರು ಆರಾಮಾಗಿದ್ದೇವೆ ಎನ್ನುತ್ತಿದ್ದರು, ಸ್ವಲ್ಪ ಹೊತ್ತಿಗೆ ಸತ್ತೇ ಹೋಗುತ್ತಿದ್ದರು.

ಕಾರಣ ಹುಡುಕಲು ಬಂದವನು ಸ್ಟೂವರ್ಟ್ ಅಲೆಕ್ಸಾಂಡರ್ ಎಂಬ ಅಮೆರಿಕದ ಸೇನಾ ವೈದ್ಯ. ವಾರ್ಡಿಗೆ ಕಾಲಿಟ್ಟಾಗಲೇ ಬೆಳ್ಳುಳ್ಳಿಯ ವಾಸನೆ ಮೂಗಿಗೆ ಬಡಿಯಿತು. ಕೇಳಿದರೆ, ಬಂದರು ಬ್ರಿಟಿಷರ ಕೈಯಲ್ಲಿದ್ದರೂ ಅಲ್ಲಿನ ಅಧಿಕಾರಿಗಳಿಂದ ನೇರ ಉತ್ತರವಿಲ್ಲ. ಅವನು ಸತ್ತವರ ಪಟ್ಟಿ ಹಿಡಿದು, ಯಾರು ಯಾವ ಹಡಗಿನಲ್ಲಿದ್ದರೆಂದು ಬಂದರಿನ ನಕ್ಷೆಯ ಮೇಲೆ ಗುರುತು ಹಾಕುತ್ತ ಹೋದ. ಸಾವುಗಳು ಒಂದು ಹಡಗಿನ ಸುತ್ತ ಸುತ್ತುಗಟ್ಟಿದವು. ಮುಳುಗುಗಾರನೊಬ್ಬ ಸಮುದ್ರದ ತಳದಿಂದ ಒಡೆದ ಬಾಂಬಿನ ಚೂರು ತಂದ, ಅದು ಅಮೆರಿಕದ್ದೇ. ರಕ್ತದ ಮಾದರಿಗಳಲ್ಲಿ ದಿನದಿಂದ ದಿನಕ್ಕೆ ಬಿಳಿಕಣಗಳು ಮಾಯವಾಗುವುದನ್ನು ಅಲೆಕ್ಸಾಂಡರ್ ಸಾಲು ಸಾಲಾಗಿ ಬರೆದುಕೊಂಡ. ಆಸ್ಪತ್ರೆ ಸೇರಿದ 600ಕ್ಕೂ ಹೆಚ್ಚು ಜನರಲ್ಲಿ ತಿಂಗಳೊಳಗೆ 83 ಮಂದಿ ಸತ್ತರು. ಅದು ಸೇನೆಯವರ, ನಾವಿಕರ ಲೆಕ್ಕ. ಬಾರಿ ಊರಿನವರನ್ನು ಎಣಿಸಿದವರಿಲ್ಲ, ಅವರಿಗೆ ಮೈ ತೊಳೆದುಕೊಳ್ಳಿ ಎಂದು ಹೇಳಿದವರೂ ಇಲ್ಲ.

ವರದಿ ಲಂಡನ್ ತಲುಪಿತು, ಪ್ರಧಾನಿ ಚರ್ಚಿಲ್ ಒಪ್ಪಲಿಲ್ಲ. ಬ್ರಿಟಿಷ್ ದಾಖಲೆಗಳಲ್ಲಿ ಸಾವಿನ ಕಾರಣ ‘ಶತ್ರುವಿನ ದಾಳಿಯಿಂದಾದ ಸುಟ್ಟಗಾಯ’ ಎಂದಾಯಿತು. ಗುಟ್ಟು ಬಿಡುಗಡೆಯಾದದ್ದು 1959ರಲ್ಲಿ. ಬದುಕುಳಿದ ನಾವಿಕರ ಮೈಮೇಲಾದದ್ದೇನೆಂದು ಬ್ರಿಟಿಷ್ ಸರ್ಕಾರ ಒಪ್ಪಿ ಪಿಂಚಣಿ ತಿದ್ದಿದ್ದು 1986ರಲ್ಲಿ, ಅಂದರೆ 43 ವರ್ಷಕ್ಕೆ. ಆದರೆ ಅಲೆಕ್ಸಾಂಡರನ ವರದಿಯ ಪ್ರತಿ ಅವನ ಮೇಲಧಿಕಾರಿ, ಕ್ಯಾನ್ಸರ್ ತಜ್ಞ ಕಾರ್ನೆಲಿಯಸ್ ರೋಡ್ಸ್ ಕೈ ಸೇರಿತ್ತು. ಯುದ್ಧ ಮುಗಿದ ಮೇಲೆ ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಸಂಸ್ಥೆಯನ್ನು ಕಟ್ಟುವಾಗ ರೋಡ್ಸ್ ಆ ಸಾಲುಗಳನ್ನು ಮರೆಯಲಿಲ್ಲ. ಹಾಗಾದರೆ ಯಾರಿಗೆ ಕೃತಜ್ಞರಾಗಿರಬೇಕು? ಬಾಂಬು ತುಂಬಿದವರಿಗಂತೂ ಅಲ್ಲ. ಮೇಲಿನವರು ಬೇಡವೆಂದರೂ ವರದಿಯ ಒಂದು ಸಾಲನ್ನೂ ಹಿಂತೆಗೆದುಕೊಳ್ಳದ ಆ ಇಪ್ಪತ್ತೊಂಬತ್ತರ ವೈದ್ಯನಿಗೆ.

1949ರಲ್ಲಿ ನೈಟ್ರೋಜನ್ ಮಸ್ಟರ್ಡ್ ಅಮೆರಿಕದಲ್ಲಿ ಅಧಿಕೃತ ಔಷಧವಾಯಿತು. ಅದರ ಮರಿಗಳು ಒಂದೊಂದಾಗಿ ಬಂದವು: ಕ್ಲೋರಾಂಬ್ಯುಸಿಲ್, ಮೆಲ್ಫಲಾನ್, ಪೂರ್ವ ಜರ್ಮನಿಯಿಂದ ಬೆಂಡಾಮಸ್ಟಿನ್. 1960ರ ದಶಕದಲ್ಲಿ ವಿನ್ಸೆಂಟ್ ಡೆವಿಟಾ ಮತ್ತವರ ಸಂಗಡಿಗರು ನೈಟ್ರೋಜನ್ ಮಸ್ಟರ್ಡಿನ ಜೊತೆ ಇನ್ನೂ ಮೂರು ಔಷಧ ಬೆರೆಸಿ ಹಾಡ್ಜ್‌ಕಿನ್ ಕಾಯಿಲೆಗೆ ಕೊಟ್ಟಾಗ ಹತ್ತರಲ್ಲಿ ಎಂಟು ಜನರ ಗಡ್ಡೆಗಳು ಪೂರ್ತಿ ಮಾಯವಾದವು. ಈ ವಂಶದಲ್ಲಿ ಜಾಣ ಕೂಸೆಂದರೆ 1950ರ ದಶಕದಲ್ಲಿ ಜರ್ಮನಿಯಲ್ಲಿ ಹುಟ್ಟಿದ ಸೈಕ್ಲೋಫಾಸ್ಫಮೈಡ್. ಅದು ವಿಷವನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡು ರಕ್ತಕ್ಕಿಳಿಯುತ್ತದೆ, ಗಂಟು ಬಿಚ್ಚುವುದು ಯಕೃತ್ತು. ಚರ್ಮಕ್ಕೆ ಸೋರಿದರೂ ಬೊಬ್ಬೆ ಎಬ್ಬಿಸದ ಸಾಸಿವೆಯ ಮೊಮ್ಮಗಳು ಅದು.

ಇಂದು ಬೆಂಗಳೂರಿನ ಯಾವ ಕ್ಯಾನ್ಸರ್ ಆಸ್ಪತ್ರೆಯ ಡೇ-ಕೇರ್ ವಾರ್ಡಿಗೆ ಹೋದರೂ ಆ ಮೊಮ್ಮಗಳು ಡ್ರಿಪ್ ಸ್ಟ್ಯಾಂಡಿನಲ್ಲಿ ತೂಗುತ್ತಿರುತ್ತಾಳೆ, ಹೆಚ್ಚಾಗಿ ಸ್ತನ ಕ್ಯಾನ್ಸರಿನ ರೋಗಿಗಳ ತಲೆಯ ಮೇಲೆ. ಜೊತೆಗೆ ರತ್ನಗಂಪು ಬಣ್ಣದ ಡಾಕ್ಸೊರುಬಿಸಿನ್. ಅದು ಸಾಸಿವೆಯ ಸಂಬಂಧಿಯಲ್ಲ, ಆದರೆ ರಕ್ತನಾಳದಿಂದ ಹೊರಗೆ ಸೋರಿದರೆ ಬೊಬ್ಬೆ ಎಬ್ಬಿಸಿ ಮಾಂಸವನ್ನೇ ಕೊಳೆಸುತ್ತದೆ. ಅದಕ್ಕೇ ಸಿಸ್ಟರ್ ಸೂಜಿ ಸರಿಯಾಗಿ ಕೂತಿದೆಯೇ ಎಂದು ಮತ್ತೆ ಮತ್ತೆ ನೋಡುತ್ತಾರೆ. “ಅಮ್ಮಾ, ಕೈ ಉರಿದ್ರೆ ತಕ್ಷಣ ಹೇಳ್ಬೇಕು, ತಡ್ಕೊಂಡು ಸುಮ್ನೆ ಕೂರ್ಬೇಡಿ. ಒಂದೆರಡು ದಿನ ಮೂತ್ರ ಕೆಂಪಗೆ ಹೋಗ್ಬೋದು, ಹೆದರ್ಬೇಡಿ.” ದೂರದೂರಿಂದ ಬಂದ ಹೆಂಗಸರಿಗೆ ನೋವು ತಡೆದುಕೊಳ್ಳುವುದು ಅಭ್ಯಾಸವಾಗಿರುತ್ತದೆ. ಇಲ್ಲಿ ಆ ಅಭ್ಯಾಸವೇ ಅಪಾಯ. ಬಾರಿಯ ವಾರ್ಡಿನಲ್ಲಿ ಯಾರೂ ಹೇಳದೆ ಹೋದ ಮಾತು ಇಷ್ಟೇ: ಇದರಲ್ಲಿ ಏನಿದೆ, ಉರಿದರೆ ಏನು ಮಾಡಬೇಕು.

ಮದ್ದಾದ ಮಾತ್ರಕ್ಕೆ ಸಾಸಿವೆಯ ವಿಷ ಹೋಗಿಲ್ಲ. ಡಿಎನ್‌ಎಯನ್ನು ಹೊಲಿದು ಕ್ಯಾನ್ಸರ್ ಕೋಶವನ್ನು ಕೊಲ್ಲುವ ಕೈಯೇ ಆರೋಗ್ಯವಂತ ಕೋಶದ ಡಿಎನ್‌ಎಯನ್ನು ಕೆಡಿಸಿ ಹೊಸ ಕ್ಯಾನ್ಸರ್ ಬಿತ್ತಬಲ್ಲದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಸಾಸಿವೆ ಅನಿಲವನ್ನು ಮನುಷ್ಯನಿಗೆ ಖಚಿತವಾಗಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿಟ್ಟಿದೆ. ಸೈಕ್ಲೋಫಾಸ್ಫಮೈಡ್, ಮೆಲ್ಫಲಾನ್, ಕ್ಲೋರಾಂಬ್ಯುಸಿಲ್ ಮೂರೂ ಅದೇ ಪಟ್ಟಿಯಲ್ಲಿವೆ. ಡಿಎನ್‌ಎಯನ್ನು ಕೆಡಿಸುವ ಈ ಗುಣವನ್ನು ಮೊದಲು ಹಿಡಿದವಳು ನಾಜಿ ಜರ್ಮನಿಯಿಂದ ತಪ್ಪಿಸಿಕೊಂಡು ಎಡಿನ್‌ಬರೊ ಸೇರಿದ ಷಾರ್ಲೊಟ್ ಅವರ್‌ಬಾಖ್. ಕಟ್ಟಡದ ತಾರಸಿಯ ಮೇಲೆ ಸಾಸಿವೆ ಅನಿಲದ ದ್ರವವನ್ನು ಕಾಯಿಸಿ, ಕೈ ಸುಟ್ಟುಕೊಂಡು, ಹಣ್ಣಿನ ನೊಣಗಳಿಗೆ ತಾಗಿಸಿ, ರಾಸಾಯನಿಕವೊಂದು ವಂಶವಾಹಿಯನ್ನೇ ಬದಲಿಸಬಲ್ಲದೆಂದು 1941ರ ಹೊತ್ತಿಗೆ ತೋರಿಸಿದಳು. ಅವಳ ಬಾಯಿಗೂ ಯುದ್ಧ ಮುಗಿಯುವವರೆಗೆ ಬೀಗ.

ಇನ್ನೊಂದು ಬೊಬ್ಬೆ-ವಿಷ ಲೆವಿಸೈಟ್, ಪಾಷಾಣ ಬೆರೆತದ್ದು. ಅದಕ್ಕೆ ಪ್ರತಿಮದ್ದಾಗಿ ಆಕ್ಸ್‌ಫರ್ಡಿನಲ್ಲಿ ರುಡಾಲ್ಫ್ ಪೀಟರ್ಸ್ ತಂಡ ಕಂಡುಹಿಡಿದ ಡೈಮರ್‌ಕ್ಯಾಪ್ರಾಲ್ ಈಗಲೂ ಪಾಷಾಣ, ಪಾದರಸದ ವಿಷವೇರಿದವರಿಗೆ ಕೊಡುವ ಇಂಜೆಕ್ಷನ್. ಸಾಸಿವೆ ಅನಿಲಕ್ಕೆ ಮಾತ್ರ ನೂರು ವರ್ಷ ಕಳೆದರೂ ಪ್ರತಿಮದ್ದಿಲ್ಲ. ಬಟ್ಟೆ ಕಳಚು, ತೊಳೆ, ಗಾಯ ನೋಡಿಕೋ. 1917ರಲ್ಲೂ ಅಷ್ಟೇ, ಇವತ್ತೂ ಅಷ್ಟೇ.

ಇನ್ನು ನಮ್ಮ ಲೆಕ್ಕಕ್ಕೆ ಬರೋಣ. 1930ರ ದಶಕದ ಆರಂಭದಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ, ಆಗಿನ ಬ್ರಿಟಿಷ್ ಇಂಡಿಯಾದ ರಾವಲ್ಪಿಂಡಿಯಲ್ಲಿ, ಬ್ರಿಟನ್ನಿನ ಪೋರ್ಟನ್ ಡೌನ್ ಪ್ರಯೋಗಾಲಯದ ವಿಜ್ಞಾನಿಗಳು ನೂರಾರು ಭಾರತೀಯ ಸಿಪಾಯಿಗಳ ಮೇಲೆ ಸಾಸಿವೆ ಅನಿಲ ಪರೀಕ್ಷಿಸಿದರು. ಚಡ್ಡಿ, ಹತ್ತಿಯ ಅಂಗಿ ತೊಡಿಸಿ ಕೆಲವರನ್ನು ಅನಿಲದ ಕೋಣೆಗೆ ಕಳಿಸಿದರು. ಭಾರತೀಯರ ಚರ್ಮ ಬ್ರಿಟಿಷರ ಚರ್ಮಕ್ಕಿಂತ ಹೆಚ್ಚು ತಾಳುತ್ತದೆಯೇ ಎಂಬುದು ಅವರ ಪ್ರಶ್ನೆ. ಸುಟ್ಟಗಾಯಗಳಾಗಿ ಹಲವರು ಆಸ್ಪತ್ರೆ ಸೇರಬೇಕಾಯಿತು. ಸಂಗತಿ ಪತ್ರಿಕೆಗೆ ಬಂದದ್ದು 2007ರಲ್ಲಿ, ಬ್ರಿಟನ್ನಿನ ರಾಷ್ಟ್ರೀಯ ದಾಖಲೆಗಾರದ ಕಾಗದಗಳಿಂದ. ಅಮೆರಿಕವೂ ಹಿಂದೆ ಬಿದ್ದಿರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಅದು ತನ್ನದೇ ಸುಮಾರು 60,000 ಸೈನಿಕರ ಮೇಲೆ ಇಂಥ ಪರೀಕ್ಷೆ ನಡೆಸಿತು, ಕಪ್ಪು ಜನರನ್ನು, ಜಪಾನಿ ಮೂಲದವರನ್ನು ಪ್ರತ್ಯೇಕವಾಗಿ ಆರಿಸಿಕೊಂಡು. ಯೇಲ್‌ನ ಜೆ.ಡಿ.ಯ ದಿನದಿನದ ವಿವರ ವೈದ್ಯಕೀಯ ಚರಿತ್ರೆಯಲ್ಲಿ ದಾಖಲಾಗಿದೆ. ರಾವಲ್ಪಿಂಡಿಯ ಸಿಪಾಯಿಗಳು ಅಲ್ಲಿ ಬರೀ ಒಂದು ಸಂಖ್ಯೆ.

1925ರ ಜಿನೀವಾ ಒಪ್ಪಂದ ಈ ವಿಷಗಳ ಬಳಕೆಯನ್ನು ನಿಷೇಧಿಸಿತು, ತಯಾರಿಸಿ ಕೂಡಿಡುವುದನ್ನು ಬಿಟ್ಟುಬಿಟ್ಟಿತು. ಆ ಕಿಂಡಿಯಿಂದ ಎಲ್ಲರೂ ನುಸುಳಿದರು. ಮುಸೊಲಿನಿಯ ವಿಮಾನಗಳು 1935-36ರಲ್ಲಿ ಇಥಿಯೋಪಿಯದ ಬರಿಗಾಲಿನ ಯೋಧರ ಮೇಲೆ ಸಾಸಿವೆ ಅನಿಲವನ್ನು ಮಳೆಯಂತೆ ಸುರಿಸಿದವು. ಸದ್ದಾಂ ಹುಸೇನನ ಇರಾಕ್ 1983ರಿಂದ ಇರಾನಿನ ಮೇಲೆ, ಆಮೇಲೆ ತನ್ನದೇ ಕುರ್ದರ ಮೇಲೆ ಹಾಕಿತು. 1988ರ ಮಾರ್ಚ್ 16ರಂದು ಹಲಬ್ಜಾ ಪಟ್ಟಣದಲ್ಲಿ ಇದರೊಂದಿಗೆ ನರಗಳನ್ನು ಕೊಲ್ಲುವ ವಿಷವೂ ಸೇರಿ ಸುಮಾರು 5,000 ಜನ ಸತ್ತರು. ಸಾಸಿವೆ ಅನಿಲಕ್ಕೆ ಬೇಕಾದ ಕಚ್ಚಾವಸ್ತು ಥಯೋಡೈಗ್ಲೈಕಾಲ್, ಬಾಲ್‌ಪೆನ್ನಿನ ಶಾಯಿಗೂ ಬಟ್ಟೆಯ ಬಣ್ಣಕ್ಕೂ ಬಳಸುವಂಥದ್ದು. ಅದನ್ನು ಟನ್ನುಗಟ್ಟಲೆ ಇರಾಕಿಗೆ ಮಾರಿದ ಡಚ್ ವ್ಯಾಪಾರಿ ಫ್ರಾನ್ಸ್ ವಾನ್ ಅನ್‌ರಾಟ್‌ಗೆ 2005ರಲ್ಲಿ ಹೇಗ್‌ನ ನ್ಯಾಯಾಲಯ ಯುದ್ಧಾಪರಾಧಕ್ಕೆ ನೆರವಾದ ತಪ್ಪಿಗೆ 15 ವರ್ಷದ ಶಿಕ್ಷೆ ಕೊಟ್ಟಿತು. ಮೇಲ್ಮನವಿಯಲ್ಲಿ ಶಿಕ್ಷೆ ಇನ್ನೂ ಹೆಚ್ಚಿತು. ಇರಾನಿನಲ್ಲಿ ಆಗ ಈ ವಿಷ ಉಸಿರಾಡಿದವರು ಈಗ ಅಜ್ಜಂದಿರು, ಆಮ್ಲಜನಕದ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡೇ ಮಲಗುವವರು.

1993ರಲ್ಲಿ ಬಂದ ರಾಸಾಯನಿಕ ಅಸ್ತ್ರ ನಿಷೇಧ ಒಪ್ಪಂದ ಆ ಕಿಂಡಿಯನ್ನು ಮುಚ್ಚಿತು, 1997ರ ಏಪ್ರಿಲ್ 29ರಂದು ಜಾರಿಗೂ ಬಂತು. ಭಾರತ ಮೊದಲ ದಿನಗಳಲ್ಲೇ ಸಹಿ ಹಾಕಿತ್ತು. ಅದಕ್ಕೂ ಮೊದಲು, 1992ರ ಆಗಸ್ಟಿನಲ್ಲಿ, ಭಾರತ ಮತ್ತು ಪಾಕಿಸ್ತಾನ ಜಂಟಿ ಘೋಷಣೆಯೊಂದರಲ್ಲಿ ತಮ್ಮ ಬಳಿ ಇಂಥ ಅಸ್ತ್ರಗಳಿಲ್ಲವೆಂದು ಹೇಳಿಕೊಂಡಿದ್ದವು. 1997ರ ಜೂನ್‌ನಲ್ಲಿ ಭಾರತ ಬೇರೆ ಮಾತು ಹೇಳಿತು. ಇದೆ, 1,044 ಟನ್ ಸಾಸಿವೆ ಅನಿಲವಿದೆ. ಒಪ್ಪಿಕೊಂಡದ್ದು ದೊಡ್ಡತನವೇ. 2009ರ ಮಾರ್ಚ್ ವೇಳೆಗೆ ಅಷ್ಟನ್ನೂ ನಾಶಪಡಿಸಿ, ಅಲ್ಬೇನಿಯ ಮತ್ತು ದಕ್ಷಿಣ ಕೊರಿಯಾದ ನಂತರ ಈ ಕೆಲಸ ಮುಗಿಸಿದ ಮೂರನೆಯ ದೇಶವಾಯಿತು. ಅಮೆರಿಕ ಮುಗಿಸಿದ್ದು 2023ರ ಜುಲೈನಲ್ಲಿ. ಹೆಮ್ಮೆಪಡಬೇಕಾದ ಸಾಧನೆ, ಆದರೆ ಹೆಮ್ಮೆಪಡಲು ದೇಶದ ಜನಕ್ಕೆ ಸುದ್ದಿಯೇ ಸರಿಯಾಗಿ ಮುಟ್ಟಲಿಲ್ಲ. ಸಾವಿರ ಟನ್ ವಿಷ ಮಾಡಿ ಮುಗಿಸಿದ್ದನ್ನು ಒಂದು ಸಣ್ಣ ಸುದ್ದಿಯಾಗಿ ಓದಿ ಪುಟ ತಿರುಗಿಸಿದೆವು.

ಆಗಿಹೋದದ್ದನ್ನು ಕೆದಕುವುದೇಕೆ ಎನ್ನುವವರು ಜಪಾನಿನ ಒಕುನೊಶಿಮ ದ್ವೀಪದ ಕಡೆ ನೋಡಬೇಕು. ಇಂದು ಮೊಲಗಳಿಗೆ ತಿಂಡಿ ಹಾಕಲು ಪ್ರವಾಸಿಗರು ಹೋಗುವ ಈ ದ್ವೀಪವನ್ನು ಯುದ್ಧಕಾಲದಲ್ಲಿ ನಕ್ಷೆಯಿಂದಲೇ ಅಳಿಸಿದ್ದರು. 1929ರಿಂದ 1945ರವರೆಗೆ ಅಲ್ಲಿ ಸಾಸಿವೆ ಅನಿಲ ತಯಾರಾಗುತ್ತಿತ್ತು. ಅಲ್ಲಿ ದುಡಿದವರಿಗೆ ದಶಕಗಳ ನಂತರ ಉಸಿರಾಟದ ಅಂಗಗಳ ಕ್ಯಾನ್ಸರ್ ಬಂದದ್ದು, ವೈದ್ಯರು ಒಬ್ಬೊಬ್ಬರನ್ನೂ ಹಿಂಬಾಲಿಸಿ ನೋಡಿದ್ದರಿಂದ ಗೊತ್ತಾಯಿತು. ಜಪಾನ್ ಚೀನಾದಲ್ಲಿ ಬಿಟ್ಟುಹೋದ ಪೀಪಾಯಿಗಳು 2003ರ ಆಗಸ್ಟಿನಲ್ಲಿ ಚಿಚಿಹಾರ್ ನಗರದಲ್ಲಿ ಕಟ್ಟಡಕ್ಕೆಂದು ನೆಲ ಅಗೆಯುವಾಗ ಸಿಕ್ಕು, ಒಬ್ಬ ಸತ್ತು ನಲವತ್ತಕ್ಕೂ ಹೆಚ್ಚು ಜನ ಗಾಯಗೊಂಡರು. ಬಾಲ್ಟಿಕ್ ಸಮುದ್ರದ ಮೀನುಗಾರರ ಬಲೆಗೆ ಇವತ್ತಿಗೂ ಮಣ್ಣಿನ ಹೆಂಟೆಯಂಥ ಸಾಸಿವೆ ಅನಿಲದ ಗಟ್ಟಿಗಳು ಬೀಳುತ್ತವೆ. ಈ ವಿಷಕ್ಕೆ ಕಾಲಮಿತಿ ಇಲ್ಲ.

ಭಾರತ ಸರ್ಕಾರದಿಂದ ಕೇಳಬೇಕಾದದ್ದು ಹೆಚ್ಚೇನಲ್ಲ. ಸೂತ್ರ, ಯಂತ್ರಗಳ ಗುಟ್ಟು ಯಾರಿಗೂ ಬೇಡ, ಅದು ಗುಟ್ಟಾಗಿರುವುದೇ ಕ್ಷೇಮ. ಆ 1,044 ಟನ್ನನ್ನು ತಯಾರಿಸಿದ, ಕಾದ, ಸಾಗಿಸಿದ, ಕೊನೆಗೆ ನಾಶಪಡಿಸಿದ ಕಾರ್ಮಿಕರು, ತಂತ್ರಜ್ಞರು, ಸಿಪಾಯಿಗಳ ಆರೋಗ್ಯದ ದಾಖಲೆಯನ್ನು ಹೆಸರು ಬಿಟ್ಟು ಪ್ರಕಟಿಸಲಿ, ಅವರ ಶ್ವಾಸಕೋಶ ಮತ್ತು ರಕ್ತದ ತಪಾಸಣೆಯನ್ನು ಅವರ ಜೀವಮಾನವಿಡೀ ಸರ್ಕಾರಿ ಖರ್ಚಿನಲ್ಲಿ ನಡೆಸಲಿ. ರಾವಲ್ಪಿಂಡಿಯ ಸಿಪಾಯಿಗಳ ಪಟ್ಟಿಯನ್ನು ಬ್ರಿಟನ್ನಿನಿಂದ ಭಾರತ, ಪಾಕಿಸ್ತಾನಗಳೆರಡೂ ಸೇರಿ ಕೇಳಲಿ. ಆ ಕೋಣೆಗೆ ಹೋಗಿ ಬಂದವರಲ್ಲಿ ಈಗ ಯಾರೂ ಉಳಿದಿರಲಾರರು. 2009ರಲ್ಲಿ ಕೊನೆಯ ಡ್ರಮ್ಮನ್ನು ಖಾಲಿ ಮಾಡಿದವರು ಇನ್ನೂ ನಮ್ಮ ನಡುವೆ ಇದ್ದಾರೆ.